ಚಂಚಿಯೂ ಗಂಗಾಳವೂ: ಅನ್ನನಾಳದ ಅರ್ಬುದ ರೋಗದ ಕಾರಣಗಳನ್ನು ಕುರಿತು

ಮಂಠಾಳ ಹೋಬಳಿಯ ಹಳ್ಳಿಯೊಂದರಲ್ಲಿ ಆಯುಷ್ಯವನ್ನೆಲ್ಲ ಒಕ್ಕಲುತನದಲ್ಲಿಯೇ ಸವೆಸಿದ ನನ್ನ ಸೋದರಮಾವನವರು, ಬಿಳಿಜೋಳದ ರಾಶಿ ಮುಗಿದ ಒಂದು ಫಾಲ್ಗುಣ ಮಾಸದಲ್ಲಿ, ಖಡಕ್ ರೊಟ್ಟಿಯನ್ನು ಕೈಯಿಂದ ಮುರಿದು ಕಡಿಯುವ ರೂಢಿಯನ್ನು ಬಿಟ್ಟು, ಗಂಗಾಳದ ಬೇಳೆಯಲ್ಲಿ ಅದನ್ನು ನೆನೆಯಿಟ್ಟು, ಮೆತ್ತಗಾದ ಮೇಲೆ ತುತ್ತು ಮಾಡಿ ನುಂಗತೊಡಗಿದರು. ಅವರ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು. ಕೇಳಿದ್ದಕ್ಕೆ, "ಯಾಕೋ ರೊಟ್ಟಿ ಎದ್ಯಾಗ ನಿಂತಂಗ ಆಗ್ಲತ್ತದ" ಎಂದರು. "ನೀರ ಕುಡೀರಿ, ಇಳೀತದ" ಎಂದು ಅತ್ತೆ ತಂಬಿಗೆಯನ್ನು ಮುಂದಿಟ್ಟಳು. ನೀರು ಕುಡಿದರೆ ಅದು ನಿಜವಾಗಿಯೂ ಇಳಿಯುತ್ತಿದ್ದುದರಿಂದ ಮಾತು ಅಲ್ಲಿಗೇ ನಿಂತಿತು. ಕಾರಹುಣ್ಣಿಮೆಯ ಹೊತ್ತಿಗೆ ರೊಟ್ಟಿ ಹೋಗಿ ಮೆತ್ತನೆಯ ಅನ್ನ ಬಂದಿತು. ದಸರೆಯ ಹೊತ್ತಿಗೆ ಅನ್ನವೂ ಹೋಗಿ ಅಂಬಲಿ ಉಳಿಯಿತು. ಈ ಎಂಟು ತಿಂಗಳಲ್ಲಿ ಮನೆಯವರು ಆ ವರ್ಷದ ಜೋಳವನ್ನು ದೂರಿದರು, ನೆರೆಯವರು ಕೆಂಪುಖಾರವನ್ನು ದೂರಿದರು, ಹಿರಿಯರು ಪಿತ್ತವನ್ನು ದೂರಿದರು. ಬಗಲಕಿಸೆಯಲ್ಲಿ ನಲವತ್ತು ವರ್ಷ ಅವರೊಡನೆ ಬಾಳಿದ ಎಲೆ, ಅಡಕೆ, ತಂಬಾಕು, ಸುಣ್ಣದ ಡಬ್ಬಿಗಳ ಆ ಅರಿವೆಯ ಚಂಚಿಯನ್ನು ಮಾತ್ರ ಯಾರೂ ದೂರಲಿಲ್ಲ.

ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಹಳ್ಳಿಗಳಲ್ಲಿ ಈ ರೋಗವನ್ನು ಕುರಿತು ಜನರಾಡುವ ಮಾತುಗಳನ್ನು ಕೇಳುತ್ತ ಬಂದ ನನಗೆ, ಬೇನೆಯು ಗಂಗಾಳದಲ್ಲಿ ಕಾಣಿಸಿಕೊಳ್ಳುವುದರಿಂದ ಅದರ ಕಾರಣವೂ ಗಂಗಾಳದಲ್ಲಿಯೇ ಇದ್ದೀತೆಂದು ನಂಬುವುದು ನಮ್ಮವರ ಮೊದಲನೆಯ ತಪ್ಪೆಂದೂ, ಗಂಗಾಳದ ದೋಷವೇನಾದರೂ ಇದ್ದರೆ ಅದು ಅಲ್ಲಿ ಬಡಿಸಿದ್ದರಲ್ಲಿ ಅಲ್ಲ, ಬಡಿಸದೆ ಉಳಿದುದರಲ್ಲಿ ಎಂದೂ ತೋರಿದೆ. ಲೋಕದ ಬೇರೆ ಬೇರೆ ಭಾಗಗಳಲ್ಲಿ ಈ ರೋಗದ ಕಾರಣಗಳನ್ನು ಅರಸಿದವರು ಕಂಡುದನ್ನು ನಮ್ಮ ಸೀಮೆಯ ಉಣಿಸು ತಿನಿಸು, ಚಟ, ಬಡತನಗಳಿಗೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶವಾಗಿದೆ.

ಗಂಟಲಿನಿಂದ ಜಠರದವರೆಗೆ ಇಳಿಯುವ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ, ಹಿಗ್ಗಬಲ್ಲ ಸ್ನಾಯುಗಳ ಕೊಳವೆ. ಹಿಗ್ಗುವ ಈ ಗುಣವೇ ಇಲ್ಲಿ ಶತ್ರುವಾಗುತ್ತದೆ. ಒಳಗೋಡೆಯಲ್ಲಿ ಗಂಟು ಬೆಳೆದು ದಾರಿ ಬಹುಮಟ್ಟಿಗೆ ಕಿರಿದಾಗುವ ತನಕ ನಾಳವು ಹಿಗ್ಗಿ ಹಿಗ್ಗಿ ತುತ್ತನ್ನು ಇಳಿಸುತ್ತಲೇ ಇರುವುದರಿಂದ ರೋಗಿಗೆ ಏನೂ ತಿಳಿಯುವುದಿಲ್ಲ. ಕರುಳಿಗೆ ಇರುವಂತಹ ಹೊರಪೊರೆ ಈ ನಾಳಕ್ಕೆ ಬಹುತೇಕ ಇಲ್ಲವಾದುದರಿಂದ, ಗಂಟು ಗೋಡೆಯನ್ನು ದಾಟಿದೊಡನೆ ನೆರೆಯ ಶ್ವಾಸನಾಳ, ರಕ್ತನಾಳ, ಹಾಲ್ರಸದ ಗ್ರಂಥಿಗಳತ್ತ ಹಬ್ಬುತ್ತದೆ. 2020ರ ಅಂದಾಜಿನಂತೆ ಲೋಕದಲ್ಲಿ ಆ ಒಂದು ವರ್ಷ ಸುಮಾರು 6 ಲಕ್ಷ 4 ಸಾವಿರ ಜನರಿಗೆ ಈ ರೋಗ ಹೊಸದಾಗಿ ಬಂದು, 5 ಲಕ್ಷ 44 ಸಾವಿರ ಜನ ಇದರಿಂದ ತೀರಿಕೊಂಡರು; ಬಂದವರ ಸಂಖ್ಯೆಗೂ ಹೋದವರ ಸಂಖ್ಯೆಗೂ ಇಷ್ಟು ಕಡಿಮೆ ಅಂತರವಿರುವ ರೋಗಗಳು ವಿರಳ.

ಇದರಲ್ಲಿ ಎರಡು ಜಾತಿ. ನಾಳದ ಕೆಳತುದಿಯಲ್ಲಿ ಹುಟ್ಟುವ ಗ್ರಂಥಿಕೋಶಗಳ ಅರ್ಬುದವು ಬೊಜ್ಜು, ಬಹುಕಾಲದ ಹುಳಿತೇಗು, ಎದೆಯುರಿಗಳನ್ನು ಹಿಂಬಾಲಿಸಿ ಬರುವಂಥದು. ಪಶ್ಚಿಮದ ಸಿರಿವಂತ ದೇಶಗಳಲ್ಲಿ ಅದು ಹೆಚ್ಚು. ಒಳಗೋಡೆಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಇನ್ನೊಂದು ಜಾತಿಯೇ ಭಾರತದಲ್ಲಿ ಪ್ರಬಲ. ನಮ್ಮ ಕಡೆಯ ಬಡ ಒಕ್ಕಲಿಗನನ್ನೂ ಕೂಲಿಕಾರ್ತಿಯನ್ನೂ ಹಿಡಿಯುವುದು ಬಹುತೇಕ ಇದೇ ಆದುದರಿಂದ ಮುಂದಿನ ಮಾತೆಲ್ಲ ಇದನ್ನು ಕುರಿತದ್ದು.

ಕಾರಣಗಳಲ್ಲಿ ಅಗ್ರಸ್ಥಾನ ತಂಬಾಕಿನದು; ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ತಂಬಾಕಿನಲ್ಲಿಯೇ ಹುಟ್ಟುವ ನೈಟ್ರೋಸಮೈನ್ ಎಂಬ ವಿಷಗಳು ಪ್ರಯೋಗಶಾಲೆಯ ಇಲಿಗಳ ಅನ್ನನಾಳದಲ್ಲಿ ಗಂಟು ಹುಟ್ಟಿಸಿದುದು ಬಹಳ ಹಿಂದೆಯೇ ಸಿದ್ಧವಾಗಿದೆ. ಬೀಡಿಯ ಹೊಗೆ ಪುಪ್ಪುಸಕ್ಕೆ ಮಾತ್ರ ಹೋಗುತ್ತದೆಂದು ತಿಳಿದವರು, ಆ ಹೊಗೆಯ ಸಾರವು ಎಂಜಲಿನೊಡನೆ ದಿನವಿಡೀ ಗಂಟಲಿಳಿಯುತ್ತಿರುವುದನ್ನು ಮರೆಯುತ್ತಾರೆ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ, ಬಡಿದು, ಕೆಳದುಟಿಯ ಹಿಂದೆ ಒತ್ತಿಕೊಳ್ಳುವ ತಂಬಾಕಿನ ರಸವಾದರೋ ಇನ್ನೂ ನೇರವಾಗಿ ಇಳಿಯುತ್ತದೆ. ಹೊಲದಲ್ಲಿ ದುಡಿಯುವವನು ಪ್ರತಿ ಸಲ ಉಗುಳುತ್ತ ನಿಲ್ಲುವುದಿಲ್ಲ, ನುಂಗುತ್ತಾನೆ. ಬೆಂಗಳೂರಿನ ರೋಗಿಗಳನ್ನೂ ಅದೇ ವಯಸ್ಸಿನ ನಿರೋಗಿಗಳನ್ನೂ ಹೋಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎಲೆಯಡಿಕೆ ಅಗಿಯುವುದೂ ಬೀಡಿ ಸೇದುವುದೂ ಅನ್ನನಾಳದ ಅರ್ಬುದಕ್ಕೆ ಕಾರಣಗಳೆಂದು ತೋರಿಸಿದುದಲ್ಲದೆ, ನಾಳದ ಮೇಲುಭಾಗ, ನಡುಭಾಗ, ಕೆಳಭಾಗಗಳಲ್ಲಿ ಆಯಾ ಚಟದ ಪ್ರಭಾವ ಒಂದೇ ಬಗೆಯದಲ್ಲವೆಂಬುದನ್ನೂ ಎತ್ತಿ ತೋರಿತು.

"ತಂಬಾಕ ನಮ್ಮ ಹಿರೇರ ಕಾಲದಿಂದ ಬಂದದ್ದು" ಎಂಬ ಸಮರ್ಥನೆಯನ್ನು ನಾನು ಎಷ್ಟೋ ಕಟ್ಟೆಗಳ ಮೇಲೆ ಕೇಳಿದ್ದೇನೆ. ಹಿರಿಯರೆಂದರೆ ಎಷ್ಟು ಹಿರಿಯರು? ಕಲ್ಯಾಣದಲ್ಲಿ ಶರಣರು ಕೂಡಿದ ಹನ್ನೆರಡನೆಯ ಶತಮಾನದಲ್ಲಿ ತಂಬಾಕು ಈ ಖಂಡದಲ್ಲಿಯೇ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಎರಡೂ ಅಮೆರಿಕದಿಂದ ಪೋರ್ಚುಗೀಸರ ಹಡಗುಗಳ ಮೂಲಕ ಬಂದ ಸಸ್ಯಗಳು. ಅಕ್ಬರನ ದೂತನಾಗಿ ದಖ್ಖಣಕ್ಕೆ ಬಂದ ಅಸದ್ ಬೇಗನು ತಂಬಾಕನ್ನು ಮೊದಲು ಕಂಡುದು ವಿಜಾಪುರದಲ್ಲಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅದನ್ನು ಹುಕ್ಕದ ಸಹಿತವಾಗಿ ಬಾದಶಹನ ಮುಂದಿಟ್ಟವನೂ ಅವನೇ. ಈ ರೋಗವಾದರೆ ಅದಕ್ಕಿಂತ ಹಳೆಯದು: ಶರಣರ ಸಮಕಾಲೀನನಾಗಿ ದೂರದ ಸ್ಪೇನಿನ ಸೆವಿಲ್ ನಗರದಲ್ಲಿದ್ದ ಇಬ್ನ್ ಜುಹ್ರ್ ಎಂಬ ವೈದ್ಯನು, ನುಂಗುವುದು ಮೊದಲು ಕಷ್ಟವಾಗಿ ಕ್ರಮೇಣ ಅಸಾಧ್ಯವಾಗುವ ಈ ಬೇನೆಯನ್ನು ವರ್ಣಿಸಿದ್ದಾನೆ. ಆದುದರಿಂದ ತಂಬಾಕೊಂದೇ ಕಾರಣವೆನ್ನಲಾಗದು. ಆದರೆ ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ದಖ್ಖಣದ ಬಾಗಿಲಿನಿಂದಲೇ ಒಳಬಂದ ಈ ಅತಿಥಿಯನ್ನು ಕುಲಾಚಾರವೆಂದು ಕಾಪಾಡಬೇಕಾದ ಋಣ ನಮಗೇನೂ ಇಲ್ಲ.

ಎಲೆಯಡಿಕೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಅದು ನಿಜವಾಗಿಯೂ ಪ್ರಾಚೀನ, ಮಂಗಳಕಾರ್ಯಗಳಲ್ಲಿ ಪೂಜ್ಯ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಶಾಖೆಯು ತಂಬಾಕಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೇ ಕೂಡ, ಅರ್ಬುದಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿ 2004ರಲ್ಲಿ ಸಂಪುಟ ಪ್ರಕಟಿಸಿತು. ಭಾರತದಲ್ಲಿ ಈ ರೋಗ ಅತ್ಯಂತ ಹೆಚ್ಚಾಗಿರುವ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಜನರು ಹಸಿಯಾದ, ಹುದುಗಿಸಿದ ಅಡಿಕೆಯನ್ನು ದಿನವಿಡೀ ಅಗಿಯುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಹಬ್ಬದೂಟದ ಮೇಲೆ ಒಂದು ವೀಳ್ಯವನ್ನು ಮೆಲ್ಲುವುದಕ್ಕೂ, ಬೆಳಗಿನಿಂದ ಮಲಗುವವರೆಗೆ ದವಡೆಯಲ್ಲಿ ಉಂಡೆಯಿಟ್ಟುಕೊಳ್ಳುವುದಕ್ಕೂ ಅಂತರವಿದೆ. ನಾನು ನಿಂದಿಸುವುದು ಎರಡನೆಯದನ್ನು.

ಚಂಚಿಯ ಕಾಲ ಮುಗಿಯುತ್ತ ಬಂದು ಅದರ ಜಾಗದಲ್ಲಿ ಹೊಳೆಯುವ ಪುಡಿಕೆಗಳು ಬಂದಿವೆ. ಕರ್ನಾಟಕದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಹೀಗೆ ಎರಡು ಪುಡಿಕೆಗಳು ಜೋಡಿಯಾಗಿ ತೂಗಾಡತೊಡಗಿದುವು, ಕೊಳ್ಳುವವನು ಅಂಗೈಯಲ್ಲಿ ಬೆರೆಸಿಕೊಳ್ಳತೊಡಗಿದನು. ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿ ನಿಂತಲ್ಲೆಲ್ಲ, ಶಾಲೆಯಿಂದ ಮರಳುವ ಹುಡುಗರ ಕೈಯಲ್ಲಿಯೂ, ಇದನ್ನು ಕಂಡು ನನಗೆ ಸಂಕಟವಾಗಿದೆ; ಮಾವನವರು ಇಪ್ಪತ್ತು ದಾಟಿದ ಮೇಲೆ ಹಿಡಿದುದನ್ನು ಇವರು ಹನ್ನೆರಡಕ್ಕೆ ಹಿಡಿಯುತ್ತಾರೆ. ಒಟ್ಟು ರಾಜ್ಯದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ 2009–10ರಲ್ಲಿ ನೂರಕ್ಕೆ 28.2 ಇದ್ದುದು 2016–17ರಲ್ಲಿ 22.8ಕ್ಕೆ ಇಳಿದುದು ಸಮಾಧಾನದ ಸಂಗತಿಯೇ ಸರಿ. ಆದರೆ ಉಳಿದವರಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಮಹಾರಾಷ್ಟ್ರಕ್ಕೆ ಅಂಟಿಕೊಂಡ ನಮ್ಮ ಸೀಮೆಯಲ್ಲಿ ತಂಬಾಕನ್ನು ಹುರಿದು ಕರಕು ಮಾಡಿ ಪುಡಿಗೈದ ಮಿಶ್ರಿಯನ್ನು ಹಲ್ಲುಜ್ಜುವ ನೆಪದಲ್ಲಿ ತಿಕ್ಕುವ ಹೆಂಗಸರು, ತಮ್ಮನ್ನು ತಂಬಾಕಿನವರೆಂದು ಎಣಿಸಿಕೊಳ್ಳುವುದೇ ಇಲ್ಲ. ವೈದ್ಯರು "ಚಟ ಏನಾರ ಅದನ?" ಎಂದು ಕೇಳಿದಾಗ "ಇಲ್ಲ" ಎನ್ನುವ ಅವರು ಸುಳ್ಳಾಡುತ್ತಿಲ್ಲ, ಅವರ ಮನಸ್ಸಿನಲ್ಲಿ ಅದು ಚಟವಲ್ಲ, ಹಲ್ಲಿನ ಔಷಧ.

ಮದ್ಯದ ಪಾತ್ರವೂ ನಿಸ್ಸಂದಿಗ್ಧವಾದುದು. ಹೊಟ್ಟೆಗಿಳಿದ ಮದ್ಯವು ದೇಹದಲ್ಲಿ ಅಸಿಟಾಲ್ಡಿಹೈಡ್ ಆಗಿ ಮಾರ್ಪಟ್ಟು ಕೋಶಗಳ ಬೀಜವನ್ನೇ ಕೆಡಿಸುತ್ತದೆ. ಇನ್ನೂ ಭಯಂಕರವಾದುದೆಂದರೆ ತಂಬಾಕಿನೊಡನೆ ಅದರ ಕೂಟ. ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ನಡೆದು 1977ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಎರಡನ್ನೂ ಅತಿಯಾಗಿ ಸೇವಿಸುವವರಿಗೆ, ಎರಡನ್ನೂ ಮಿತಿಯಲ್ಲಿಟ್ಟವರಿಗಿಂತ, ಈ ರೋಗದ ಅಪಾಯ ಸುಮಾರು 44 ಪಟ್ಟು ಹೆಚ್ಚೆಂದು ಕಂಡುಬಂದಿತು. ಒಂದು ಇನ್ನೊಂದಕ್ಕೆ ಕೂಡುವುದಿಲ್ಲ, ಗುಣಿಸುತ್ತದೆ. ನಿಜಾಮರ ಆಳಿಕೆಯಲ್ಲಿ ಸೇಂದಿಯ ಗುತ್ತಿಗೆಗಳು ಮೆರೆದ ನಾಡಿದು. ಸಾರಾಯಿಯನ್ನು ಸರಕಾರ 2007ರ ಜುಲೈ 1ರಂದು ನಿಲ್ಲಿಸಿದ ಮೇಲೆ ಬಾಟಲಿ ಬದಲಾಯಿತೇ ಹೊರತು ಸಂಜೆಯ ದುಡ್ಡಿನ ದಾರಿ ಬದಲಾಗಲಿಲ್ಲ.

ಇನ್ನು ಬಿಸಿಯ ಪ್ರಶ್ನೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಇರಾನಿನ ಗೊಲೆಸ್ತಾನ್ ಪ್ರಾಂತದಲ್ಲಿ, ತಂಬಾಕೂ ಮದ್ಯವೂ ವಿರಳವಾಗಿರುವ ಜನರಲ್ಲಿಯೂ ಈ ರೋಗ ವಿಪರೀತವಾಗಿದ್ದುದು ಪಂಡಿತರಿಗೆ ಬಹುಕಾಲ ಒಗಟಾಗಿತ್ತು. ಅಲ್ಲಿ ಅಫೀಮಿನ ಪಾಲೂ ಇದೆಯೆಂಬುದು ಮುಂದೆ ಸ್ಪಷ್ಟವಾಯಿತು. ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನವು ಎತ್ತಿ ತೋರಿದುದು ಚಹಾದ ಬಿಸಿಯನ್ನು. 65 ಡಿಗ್ರಿಗಿಂತ ಕೆಳಗೆ ಆರಿದ ಚಹಾ ಕುಡಿಯುವವರಿಗಿಂತ, 70 ಡಿಗ್ರಿಯ ಮೇಲೆ ಸುಡುತ್ತಿರುವುದನ್ನು ಕುಡಿಯುವವರಲ್ಲಿ ಅಪಾಯ ಎಂಟು ಪಟ್ಟು ಹೆಚ್ಚಾಗಿತ್ತು. 65 ಡಿಗ್ರಿಗೆ ಮಿಕ್ಕ ಬಿಸಿಯ ಪಾನೀಯ ಯಾವುದೇ ಆಗಲಿ ಅರ್ಬುದವನ್ನು ತರುವ ಸಂಭವವಿದೆಯೆಂದು ಅರ್ಬುದ ಸಂಶೋಧನಾ ಶಾಖೆ 2016ರಲ್ಲಿ ಹೇಳಿತು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದುದು ನಮ್ಮ ಹಿರಿಯರ ಬಸಿ. ಕಪ್ಪಿನ ಚಹಾವನ್ನು ಬಸಿಗೆ ಸುರಿದು, ಎರಡು ಬೆರಳುಗಳ ಮೇಲೆ ಅದನ್ನು ಎತ್ತಿ, ಊದಿ, ತುಟಿಗೆ ತಾಗಿಸಿ, ಸುರ್ ಎಂದು ಎಳೆದುಕೊಳ್ಳುವ ಆ ಪದ್ಧತಿಯನ್ನು ಪಟ್ಟಣದ ಓದಿದ ಮೊಮ್ಮಕ್ಕಳು ನಾಚಿಕೆಗೇಡೆಂದು ಬಿಡಿಸಿದರು. ಅಗಲವಾದ ಬಸಿಯಲ್ಲಿ ತೆಳ್ಳಗೆ ಹರಡಿದ ಚಹಾ ಕ್ಷಣದಲ್ಲಿ ಆರುತ್ತದೆ. ಬಸ್ಸು ಹೊರಡುವ ಗಡಿಬಿಡಿಯಲ್ಲಿ ಅಂಗೈಯಗಲದ ಕಾಗದದ ಕಪ್ಪಿನಿಂದ ಎರಡೇ ಗುಟುಕಿಗೆ ಸುರಿದುಕೊಳ್ಳುವ ಚಹಾ ಆರುವುದಿಲ್ಲ. ಬಸಿಯನ್ನು ನಾನು ಮತ್ತೆ ಹಿಡಿದಿದ್ದೇನೆ, ಇತರರ ಮುಂದೆಯೂ.

ಈಗ ಗಂಗಾಳಕ್ಕೆ ಬರೋಣ. ಜೋಳ ತಿನ್ನುವವರಿಗೆ ಈ ರೋಗ ಹೆಚ್ಚೆಂಬ ಮಾತು ಸುಮ್ಮನೆ ಹುಟ್ಟಿದುದಲ್ಲ, ಅದಕ್ಕೊಂದು ಇತಿಹಾಸವಿದೆ. ಜೋಳವೇ ಮುಖ್ಯ ಆಹಾರವಾದ ಈ ದಖ್ಖಣದ ಬಡವರಲ್ಲಿ, ಚರ್ಮ ಕರಿಯಾಗಿ ಬಿರಿಯುವ, ನಾಲಗೆ ಬಾಯಿ ಹುಣ್ಣಾಗುವ, ಭೇದಿಯೂ ಚಿತ್ತಭ್ರಮೆಯೂ ಕೂಡಿದ ಪೆಲ್ಲಾಗ್ರ ಎಂಬ ಬೇನೆ ಇದ್ದುದನ್ನು ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಿಯಾ ಅವರು ಶೋಧಿಸಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ನಯಾಸಿನ್ ಜೀವಸತ್ತ್ವದ ಉಪಯೋಗಕ್ಕೆ ಅಡ್ಡಬರುತ್ತದೆಂದು 1960ರಲ್ಲಿ ಪ್ರತಿಪಾದಿಸಿದರು. ಮುಂದೆ 1981ರಲ್ಲಿ ವಾನ್ ರೆನ್ಸ್‌ಬರ್ಗ್ ಎಂಬ ದಕ್ಷಿಣ ಆಫ್ರಿಕದ ವಿದ್ವಾಂಸನು, ಲೋಕದಲ್ಲಿ ಅನ್ನನಾಳದ ಅರ್ಬುದ ಹೆಚ್ಚಾಗಿರುವ ಪ್ರದೇಶಗಳನ್ನೂ ಅಲ್ಲಿಯ ಆಹಾರವನ್ನೂ ತುಲನೆ ಮಾಡಿ, ನಯಾಸಿನ್, ರೈಬೋಫ್ಲೇವಿನ್, ಸತು, ಮೆಗ್ನೀಸಿಯಂಗಳ ಕೊರತೆಯುಳ್ಳ ಏಕಧಾನ್ಯದ ಊಟವು ನಾಳದ ಒಳಪೊರೆಯನ್ನು ದುರ್ಬಲಗೊಳಿಸಿ ರೋಗಕ್ಕೆ ನೆಲ ಹದಮಾಡುತ್ತದೆಂದು ವಾದಿಸಿದನು.

ಈ ವಾದವನ್ನು ಅರ್ಧ ಕೇಳಿದವರು ಜೋಳವನ್ನು ಬಿಟ್ಟು ಬಿಳಿಯಕ್ಕಿಗೆ ಹೋಗುತ್ತಾರೆ, ಅದು ಅವಿವೇಕ. ವಾದದ ಮರ್ಮವು ಧಾನ್ಯದಲ್ಲಿಲ್ಲ, 'ಏಕ' ಎಂಬಲ್ಲಿದೆ. ರೊಟ್ಟಿಯೊಡನೆ ಪುಂಡಿಪಲ್ಯ, ಮೆಂತ್ಯೆ, ರಾಜಗಿರಿ, ಎಳೆಯ ಕಡಲೆಯ ಸೊಪ್ಪು, ಹೆಸರುಬೇಳೆ, ಮೊಸರು ಇದ್ದಲ್ಲಿ ಜೋಳಕ್ಕೆ ಯಾವ ಕಳಂಕವೂ ಇಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹೊಲದ ಹಸಿರೆಲ್ಲ ಒಣಗಿ, ರೊಟ್ಟಿಗೆ ಒಣಖಾರ ಮತ್ತು ಉಳ್ಳಾಗಡ್ಡಿ ಮಾತ್ರ ಉಳಿದ ಕೂಲಿಕಾರನ ಬುತ್ತಿಯೇ ಕಳಂಕ. ತೊಗರಿಯ ಸಾಲಿನ ನಡುವೆ ನಾಲ್ಕು ಬಗೆಯ ಸೊಪ್ಪು, ಕಾಳು ಬೆಳೆಯುತ್ತಿದ್ದ ಹೊಲಗಳು ಇಂದು ಬೀದರ ಜಿಲ್ಲೆಯಲ್ಲಿ ಸೋಯಾಬೀನ್ ಮತ್ತು ಕಬ್ಬಿನಿಂದ ತುಂಬಿವೆ. ರೊಕ್ಕ ಬಂದಿದೆ, ಆದರೆ ಹೊಲದಿಂದ ಮರಳುವ ಹೆಂಗಸಿನ ಉಡಿಯಲ್ಲಿ ಸೊಪ್ಪು ಬರುವುದು ನಿಂತಿದೆ. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯಲ್ಲಿ, ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತ್ಯೆ, ಇನ್ನೂ ಕೈಗೆ ಸಿಕ್ಕ ಸೊಪ್ಪೆಲ್ಲ ಹುಣಸೆಹುಳಿಯಲ್ಲಿ ಒಂದಾಗಿ ಬೇಯುವುದನ್ನು ನೋಡಿದಾಗ, ಆಹಾರಶಾಸ್ತ್ರದ ಗ್ರಂಥಗಳು ಕೇಳುವುದೆಲ್ಲ ಆ ಒಂದು ಮಡಕೆಯಲ್ಲಿ ಇದೆಯಲ್ಲ ಎನಿಸುತ್ತದೆ. ಅದು ವರ್ಷಕ್ಕೊಮ್ಮೆ ಮಾತ್ರ ಇದೆಯೆಂಬುದೇ ಕೊರತೆ.

ಜೋಳಕ್ಕೆ ಸಂಬಂಧಿಸಿದ ಇನ್ನೊಂದು ಭಯ ಬೂಷ್ಟಿನದು. ರಾಶಿಯ ಕಾಲಕ್ಕೆ ಅಕಾಲದ ಮಳೆ ಬಿದ್ದರೆ ತೆನೆಯಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರ ಹುಟ್ಟಿ ಫ್ಯುಮೋನಿಸಿನ್ ಎಂಬ ವಿಷವನ್ನು ಕಾಳಿನಲ್ಲಿ ಬಿಡುತ್ತದೆ; ಆಫ್ರಿಕದ ಟ್ರಾನ್ಸ್‌ಕೈಯಲ್ಲಿ ಮೆಕ್ಕೆಜೋಳದ ಈ ವಿಷಕ್ಕೂ ಅನ್ನನಾಳದ ಅರ್ಬುದಕ್ಕೂ ನಂಟನ್ನು ಬಹುಕಾಲ ಶಂಕಿಸಲಾಗಿದೆ. ಇದು ನಮಗೆ ದೂರದ ಕಥೆಯಲ್ಲ. 1995ರಲ್ಲಿ ಮಳೆಗೆ ಸಿಕ್ಕ ಜೋಳ ಮತ್ತು ಮೆಕ್ಕೆಜೋಳವನ್ನು ಉಂಡು ದಖ್ಖಣ ಪ್ರಸ್ಥಭೂಮಿಯ 27 ಹಳ್ಳಿಗಳ ಜನ ಹೊಟ್ಟೆನೋವು, ಭೇದಿಗಳಿಂದ ನರಳಿದಾಗ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಆ ಕಾಳಿನಲ್ಲಿ ಕಂಡುದು ಇದೇ ವಿಷ. ಆ ಜನ ಕೆಲವೇ ದಿನಗಳಲ್ಲಿ ಗುಣಹೊಂದಿದರು. ಆದರೆ ಒಳ್ಳೆಯ ಜೋಳವನ್ನು ಪೇಟೆಗೆ ಕಳಿಸಿ, ಕಪ್ಪಾದುದನ್ನು ಮನೆಗೆ ಉಳಿಸಿಕೊಳ್ಳುವ ಬಡವನ ಲೆಕ್ಕಾಚಾರವು ಇಂಥ ವಿಷವನ್ನು ಅವನ ಮಕ್ಕಳ ಪಾಲಿಗೆ ತರುತ್ತದೆ. ಕರಿಜೋಳವನ್ನು ನ್ಯಾಯಬೆಲೆಗೆ ಬದಲಾಯಿಸಿಕೊಡುವ ಏರ್ಪಾಡೊಂದು ಇರಬೇಕಾಗಿತ್ತು.

ಸ್ತ್ರೀಯರ ವಿಷಯದಲ್ಲಿ ರಕ್ತಹೀನತೆಯನ್ನೂ ಹೇಳಲೇಬೇಕು. ಕಬ್ಬಿಣದ ಕೊರತೆ ದೀರ್ಘವಾದಾಗ ಗಂಟಲಿನ ಬುಡದಲ್ಲಿ ತೆಳುಪೊರೆ ಬೆಳೆದು ನುಂಗಲು ತೊಡಕಾಗುವುದುಂಟು, ಮತ್ತು ಅಂತಹವರಲ್ಲಿ ಗಂಟಲು ಹಾಗೂ ಅನ್ನನಾಳದ ಮೇಲುಭಾಗದ ಅರ್ಬುದ ಹೆಚ್ಚು. ಸ್ವೀಡನ್ನಿನ ಹೆಂಗಸರಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಈ ಬೇನೆಯು ಊಟದಲ್ಲಿ ಕಬ್ಬಿಣ ಕೂಡಿದ ಮೇಲೆ ಬಹುಮಟ್ಟಿಗೆ ಕಾಣೆಯಾಯಿತು. ಕರ್ನಾಟಕದಲ್ಲಿ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಜನ ರಕ್ತಹೀನರು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ನಮ್ಮ ತಾಯಂದಿರ ಗಂಗಾಳದಲ್ಲಿ ಪಲ್ಯದ ಪಾಲು ಎಷ್ಟಿರುತ್ತದೆಂಬುದನ್ನು ಬಲ್ಲವರಿಗೆ ಈ ಸಂಖ್ಯೆ ಆಶ್ಚರ್ಯ ತರುವುದಿಲ್ಲ.

ಗುಳಿಗೆಯಿಂದ ಇದನ್ನೆಲ್ಲ ತುಂಬಬಹುದೆ? ಚೀನದ ಲಿನ್‌ಷಿಯನ್ ಕೌಂಟಿಯಲ್ಲಿ 1986ರಿಂದ ಐದು ವರ್ಷಕ್ಕೂ ಮಿಕ್ಕಿ ಸುಮಾರು 30,000 ಜನರಿಗೆ ಜೀವಸತ್ತ್ವ, ಖನಿಜಗಳನ್ನು ಬೇರೆ ಬೇರೆ ಕೂಟಗಳಲ್ಲಿ ಕೊಟ್ಟು ನೋಡಿದರು. ಒಂದು ಕೂಟದಿಂದ ಜಠರದ ಅರ್ಬುದದ ಸಾವು ತಗ್ಗಿತು, ಅನ್ನನಾಳದ ಅರ್ಬುದದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಲಿಲ್ಲ. ಸೊಪ್ಪು ಹಣ್ಣುಗಳ ಕೆಲಸವನ್ನು ಡಬ್ಬಿಗೆ ವಹಿಸಲಾಗದೆಂದು ನಾನು ಇದರಿಂದ ತಿಳಿಯುತ್ತೇನೆ.

ಕೆಂಪುಖಾರದ ಮೇಲಿನ ಆರೋಪಕ್ಕೆ ಗಟ್ಟಿಯಾದ ಆಧಾರವಿಲ್ಲ. ಉಪ್ಪಿನಕಾಯಿಯನ್ನು ದೂರುವವರು ಚೀನದ, ಬೂಷ್ಟು ಹಿಡಿಯುವವರೆಗೆ ಹುಳಿಸಿದ ತರಕಾರಿಯನ್ನೂ ನಮ್ಮ ಎಣ್ಣೆ ಉಪ್ಪಿನ ಮಾವಿನಕಾಯಿಯನ್ನೂ ಒಂದೆಂದು ಭ್ರಮಿಸಿರುತ್ತಾರೆ. ಗಾಳಿಯಾಡದ ಅಡುಗೆಮನೆಯ ಒಲೆಯ ಹೊಗೆಯ ಮೇಲಿನ ಸಂದೇಹಕ್ಕೆ ಮಾತ್ರ ಹುರುಳಿದೆ.

ಚಟ ಬಿಟ್ಟರೆ ಫಲವುಂಟೆ ಎಂದು ಕೇಳುವವರಿಗೆ ಉಂಟೆಂದೇ ಉತ್ತರ. ತಂಬಾಕು ಬಿಟ್ಟ ಕೆಲವು ವರ್ಷಗಳಲ್ಲಿಯೇ ಈ ಅಪಾಯ ಇಳಿಯತೊಡಗುತ್ತದೆ. ಮದ್ಯದ ಋಣ ತೀರಲು ಇನ್ನೂ ಹೆಚ್ಚು ಕಾಲ ಬೇಕು. ರೋಗ ಬಂದವರಿಗೆ ದಾರಿ ಉದ್ದವಾಗಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಆರಂಭವಾಯಿತು, ಕಲಬುರಗಿಯಲ್ಲಿ ಅದರ ಶಾಖೆ ಇದೆ. ಗಡಿಯಾಚೆಯ ಬಾರ್ಶಿಯಲ್ಲಿ ಗ್ರಾಮೀಣ ಜನರ ಅರ್ಬುದ ದಾಖಲಾತಿ 1987ರಿಂದ ನಡೆದಿದೆ. ಹೈದರಾಬಾದು, ಸೋಲಾಪುರಗಳಿಗೆ ನಮ್ಮವರು ಸಾಲಮಾಡಿ ಹೋಗುತ್ತಾರೆ. ಆದರೆ ನಾಳ ಮುಚ್ಚಿದ ಮೇಲೆ ಹೋದವರಿಗೆ ಯಾವ ಊರಿನ ವೈದ್ಯರೂ ಒಂದು ನಳಿಕೆಯನ್ನು ಇಳಿಸಿ ಗಂಜಿಗೆ ದಾರಿ ಮಾಡಿಕೊಡುವುದಕ್ಕಿಂತ ಹೆಚ್ಚಿನದನ್ನು ಮಾಡಲಾರರು. ಮಾವನವರಿಗೂ ಅಷ್ಟೇ ಆಯಿತು. ಆದಕಾರಣ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ರಕ್ತದೊತ್ತಡ, ಸಕ್ಕರೆಗಳೊಡನೆ, "ನಿಮ್ಮನ್ಯಾಗ ಯಾರಾರ ರೊಟ್ಟಿ ನೆನಿಸಿ ತಿನ್ನಲತ್ತಾರೇನು?" ಎಂಬ ಪ್ರಶ್ನೆಯೊಂದನ್ನೂ ಕೇಳುವಂತಾದರೆ, ಫಾಲ್ಗುಣದಲ್ಲಿ ತಿಳಿಯಬಹುದಾದುದು ದಸರೆಯವರೆಗೆ ಕಾಯಬೇಕಾಗುವುದಿಲ್ಲ.

ಅತ್ತೆ ಮಿಶ್ರಿಯನ್ನು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ದಿನಕ್ಕೆ ನಾಲ್ಕು ಸಲ ತಿಕ್ಕುತ್ತಿದ್ದವಳು ಒಂದಕ್ಕೆ ಇಳಿಸಿದ್ದಾಳೆ. ಕಳೆದ ಎಳ್ಳಮಾವಾಸ್ಯೆಯಂದು ಹೊಲದ ಬನ್ನಿಗಿಡದ ನೆರಳಿನಲ್ಲಿ ಎಲ್ಲರಿಗೂ ಭಜ್ಜಿ ಬಡಿಸಿ, ಕೊನೆಗೆ ತಾನೂ ಗಂಗಾಳ ಹಿಡಿದು ಕುಳಿತಾಗ, ನಾನು ನನ್ನ ತುತ್ತನ್ನು ನಿಲ್ಲಿಸಿ ಆ ಕಡೆಗೆ ಕಿವಿಗೊಟ್ಟೆನು. ಅವಳು ಖಡಕ್ ರೊಟ್ಟಿಯನ್ನು ಎರಡು ಕೈಗಳಿಂದ ಹಿಡಿದು ಮುರಿದ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು.